ತಟ್ಟೆ ಬಿದ್ದಾಗ ಓಡದ ಮರಿ

ಬುಕ್ಕಾಂಬುಧಿ ಕೆರೆಯ ಕೆಳಗೆ ತೋಟದ ಮನೆಯಲ್ಲಿದ್ದ ಗುರುಶಾಂತಮ್ಮನಿಗೆ ಮನುಷ್ಯರೆಂದರೆ ಅಷ್ಟಕ್ಕಷ್ಟೆ. ಅಜ್ಜಂಪುರದ ಸಂತೆಗೆ ಹೋದಳೆಂದರೆ ಮನೆಗೆ ಮರಳುವಷ್ಟರಲ್ಲಿ ನಾಲ್ಕಾರು ಜನಕ್ಕೆ ಅಡ್ಡಹೆಸರು ಇಟ್ಟು ಬರುತ್ತಿದ್ದಳು. ಬೇಳೆ ತೂಗುವವನು ತಕ್ಕಡಿ ಹಿಡಿದ ಕೋತಿ. ಬಸ್ಸಿನ ಕಂಡಕ್ಟರು ಸೀಟಿ ನುಂಗಿದ ಕೊಕ್ಕರೆ. ಮಠದ ದಾಸೋಹದಲ್ಲಿ ಎರಡು ಪಂಕ್ತಿಗೂ ಕೂರುವ ದೊಡ್ಡ ಮನುಷ್ಯರು ಭಕ್ತಿ ಹೆಚ್ಚಾಗಿ ಹೊಟ್ಟೆ ಬಂದವರು. ಕಟ್ಟಿಕೊಂಡ ಗಂಡ ಬಸವರಾಜಪ್ಪನಿಗೂ ರಿಯಾಯಿತಿ ಇರಲಿಲ್ಲ. ‘ನಮ್ಮನೆಯೋರು ಬೆಣ್ಣೆ ಕಣ್ರೀ, ಯಾರು ಬೆಚ್ಚಗೆ ಮುಟ್ಟಿದ್ರೂ ಕರಗ್ತಾರೆ’ ಎಂದು ಅವನ ಎದುರಿಗೇ ಹೇಳುತ್ತಿದ್ದಳು. ಅವನು ನಗುತ್ತಿದ್ದ. ಅದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಾಯಿಗಳ ವಿಷಯದಲ್ಲಿ ಮಾತ್ರ ಅವಳು ಬಾಯಿ ತೆರೆಯುವ ಮೊದಲು ಕಣ್ಣು ತೆರೆಯುತ್ತಿದ್ದಳು. ಅದು ತವರಿನಿಂದ ಬಂದದ್ದು. ಅವಳಪ್ಪ ಕಲ್ಲಪ್ಪ ತರೀಕೆರೆಯವನು. ಅಡಿಕೆ ಮೂಟೆ ಹೇರಿಕೊಂಡು ಕಡೂರಿನ ದಾರಿ ಸವೆಸುತ್ತಿದ್ದ ಗಾಡಿಗಳ ಯಜಮಾನ. ಒಂದೊಂದು ಗಾಡಿಯ ಅಚ್ಚಿನ ಕೆಳಗೂ ಒಂದೊಂದು ನಾಯಿ ಗಾಲಿಯ ನೆರಳಲ್ಲೇ ಹೆಜ್ಜೆ ಹಾಕುತ್ತಾ ಬರುತ್ತಿತ್ತು. ಎದುರಿಗೆ ಮೊಲ ಹಾದರೆ ಅದರ ಹಿಂದೆ ಓಡುವ ನಾಯಿ ಆ ಕೆಲಸಕ್ಕೆ ಆಗದು. ಲಾರಿಯ ಹಾರನ್ನಿಗೆ ಬೆದರಿ ಗಾಲಿಗೆ ಸಿಕ್ಕಿಬೀಳುವುದೂ ಆಗದು. ಅದಕ್ಕೇ ಕಲ್ಲಪ್ಪ ಮರಿಗಳನ್ನು ಎಳವೆಯಲ್ಲೇ ಆರಿಸುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ ಮಗಳಿಗೆ, ‘ಪಳಗ್ಸೋದು ಆಮೇಲಿನ ಮಾತು ಕಣವ್ವ, ಮೊದ್ಲು ಇದು ಯಾವ ಜೀವ ಅಂತ ತಿಳ್ಕೋಬೇಕು’ ಎನ್ನುತ್ತಿದ್ದ. ‘ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಎಂಬುದು ಅವನ ಕೊನೆಯ ಮಾತು. ಮಗಳು ಅದನ್ನು ಹಣೆಗೆ ವಿಭೂತಿ ಬಳಿದಷ್ಟು ಭದ್ರವಾಗಿ ಬಳಿದುಕೊಂಡಳು. ನಾಯಿಗೂ ಅದೇ ಲೆಕ್ಕ, ನೆಂಟರಿಗೂ ಅದೇ ಲೆಕ್ಕ. ಒಂದು ಸಲ ನೋಡಿ ಹೇಳಿದ್ದೇ ಹೇಳಿದ್ದು.

ಎಪ್ಪತ್ತೇಳರ ಬೇಸಿಗೆಯಲ್ಲಿ ಅವಳ ನಾಟಿ ನಾಯಿ ಕೆಂಪಿ ನಾಲ್ಕು ಮರಿ ಹಾಕಿತು. ಆ ವರ್ಷ ಅಳತೆ ಕೆಲಸಕ್ಕೆ ಬಂದು ಕೆರೆ ಏರಿಯ ಆಚೆ ಡೇರೆ ಹಾಕಿದ್ದ ಓವರ್ಸಿಯರನ ಬಳಿ ಒಂದು ಅಲ್ಸೇಷನ್ ಗಂಡುನಾಯಿ ಇತ್ತು. ಮರಿಗಳ ನೆಟ್ಟ ಕಿವಿ ನೋಡಿದವರು ಉಳಿದದ್ದನ್ನು ತಾವೇ ಊಹಿಸಿಕೊಂಡರು. ‘ಜಾತಿ ನಾಯಿ ಹುಟ್ಟೈತಂತೆ’ ಎಂದು ಸುದ್ದಿ ಬಸ್ಸು ಹತ್ತಿ ಕಡೂರಿನವರೆಗೆ ಹೋಯಿತು. ತಮ್ಮ ಮಕ್ಕಳ ಕಿವಿ ಸೋರುವುದನ್ನು ತಿಂಗಳುಗಟ್ಟಲೆ ಗಮನಿಸದವರೆಲ್ಲ ನಾಯಿಮರಿಯ ಕಿವಿ ನೋಡಲು ಬರತೊಡಗಿದರು. ಗುರುಶಾಂತಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಮರಿ ತೋರಿಸದೆ ಕಳಿಸುತ್ತಿದ್ದಳು.

ಹಲ್ಲು ಮೂಡಿ, ಕೆಂಪಿಯೇ ಗುರ್ ಎಂದು ಮೊಲೆ ಬಿಡಿಸುವ ಹೊತ್ತಿಗೆ ಒಂದು ಬೆಳಿಗ್ಗೆ ನಾಲ್ಕನ್ನೂ ಕೊಟ್ಟಿಗೆಯ ಮುಂದಿನ ಅಂಗಳಕ್ಕೆ ಬಿಟ್ಟಳು. ಹೊಸದಾಗಿ ಬಂದಿದ್ದ ಸೊಸೆ ಸಾವಿತ್ರಿ ಸಗಣಿ ತಟ್ಟುತ್ತಾ ಒಂದು ಕಡೆ ಕೂತಿದ್ದಳು. ಮಗ ಅಜ್ಜಂಪುರದ ಸೊಸೈಟಿಯಲ್ಲಿ ಗುಮಾಸ್ತ. ಸೊಸೆ ಮಾತಾಡಿದ್ದನ್ನು ಮನೆಯಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ. ‘ಬಾಯಿ ಸತ್ತೋಳು’ ಎಂದು ಅತ್ತೆ ಮೊದಲ ವಾರವೇ ತೀರ್ಮಾನ ಕೊಟ್ಟಾಗಿತ್ತು.

ಗುರುಶಾಂತಮ್ಮ ಮರಿಗಳಿಗೆ ಬೆನ್ನು ಮಾಡಿ ನಿಂತು ಹಿತ್ತಾಳೆ ತಟ್ಟೆಯೊಂದನ್ನು ಕಲ್ಲಿನ ಮೇಲೆ ಕೆಡವಿದಳು. ಠಣ್ ಎಂದು ಅಂಗಳವೆಲ್ಲ ಮೊಳಗಿತು. ಕರಿಯ ಗಂಡುಮರಿ ಅಲುಗಲಿಲ್ಲ. ಇನ್ನೂ ಗಿರ್ರನೆ ತಿರುಗುತ್ತಿದ್ದ ತಟ್ಟೆಯ ಹತ್ತಿರ ನೇರ ನಡೆದುಬಂದು ಅದರ ಮೇಲೆ ಕಾಲಿಟ್ಟು ಗುರುಗುಟ್ಟಿತು. ಕಂದು ಮರಿ ಚಂಗನೆ ಹಾರಿ ಓಡಿತು, ಗೊಂತಿನ ಹತ್ತಿರ ನಿಂತು ತಿರುಗಿ ನೋಡಿತು, ಆಮೇಲೆ ಮೂಗು ಚಾಚಿಕೊಂಡು ಮೆಲ್ಲಗೆ ವಾಪಸು ಬಂತು. ಬಿಳಿ ಎದೆಯ ಹೆಣ್ಣುಮರಿ ತಟ್ಟೆಯ ಕಡೆ ನೋಡಲೇ ಇಲ್ಲ. ಗುರುಶಾಂತಮ್ಮನ ಪಾದದ ಹತ್ತಿರ ಬಂದು ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ನಾಲ್ಕನೆಯದು, ಬೂದು ಬಣ್ಣದ ಸಣ್ಣ ಹೆಣ್ಣು, ಮಾಯವಾಗಿತ್ತು. ಒರಳಿನ ಹಿಂದೆ ಸೇರಿಕೊಂಡದ್ದು ಮಧ್ಯಾಹ್ನದ ಊಟದ ಹೊತ್ತಾದರೂ ಈಚೆ ಬರಲಿಲ್ಲ.

“ನೋಡ್ದೇನೆ?” ಎಂದಳು ಸೊಸೆಗೆ. “ಈ ಕರೀದು ಅಮಲ್ದಾರ. ಹೊಡೆದ್ರೆ ಎದುರು ನಿಲ್ಲುತ್ತೆ, ಬಿಟ್ರೆ ತಲೆ ಮೇಲೆ ಕೂರುತ್ತೆ. ಇದಕ್ಕೆ ದಿನಾ ಕೆಲಸ ಕೊಡ್ಬೇಕು, ಹೇಳಿದ ಮಾತು ತಪ್ಪದೋರು ಬೇಕು. ಕಂದು ಐತಲ್ಲ, ಅದು ಬಂಗಾರ. ಹೆದರಿ ಓಡಿ, ಏನದು ಅಂತ ತಾನೇ ನೋಡಕ್ಕೆ ಬರೋದು ಯಾರ ಮನೇಲಾದ್ರೂ ಬಾಳುತ್ತೆ. ಈ ಹೊಟ್ಟೆ ತೋರ್ಸೋಳಿಗೆ ಗದರಿದ್ರೆ ಸಾಕು, ಕೈಯೆತ್ತಿದ್ರೆ ಕೆಟ್ಟೋಗ್ತಾಳೆ. ಒರಳಿನ ಹಿಂದಿರೋದು...” ಎಂದು ಕೈ ಒದರಿದಳು. “ಅದನ್ನ ಪಳಗ್ಸೋದು ಗಾಳೀನ ಚೀಲಕ್ಕೆ ತುಂಬ್ದಂಗೆ. ನಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ದಾರೀಲಿ ಬಿಟ್ಟು ಬರ್ತಿದ್ದ.”

ಸಾವಿತ್ರಿ ಒರಳಿನ ಕಡೆ ನೋಡಿದಳು.

ಬಿಳಿ ಎದೆಯದು ಒಬ್ಬಂಟಿ ಮುದುಕಿ ಪಾಪಮ್ಮನ ಮನೆ ಸೇರಿ ಅವಳ ಸೆರಗು ಹಿಡಿದೇ ಬೆಳೆಯಿತು. ಕಂದು ಮರಿಯನ್ನು ತರೀಕೆರೆಯ ತಮ್ಮನಿಗೆ ಎಂದು ಇಟ್ಟಿದ್ದಾಗ ಕಡೂರಿನಿಂದ ಮಲ್ಲಿಕಾರ್ಜುನಪ್ಪ ಬಂದ. ಅವನು ಬಸವರಾಜಪ್ಪನ ಚಿಕ್ಕಪ್ಪನ ಮಗ, ಕಡೂರಿನಲ್ಲಿ ಕೊಬ್ಬರಿ ಮಂಡಿ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತ; ಕಾಲು ಗಟ್ಟಿಯಾಗಿದ್ದರೂ ಬೆತ್ತ ಬೇಕು. ಊರಿನಲ್ಲಿ ನಾಯಿ ಇಟ್ಟವರ ಮನೆಯ ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಎಂಬ ಬೋರ್ಡು ನೋಡಿ ಅವನಿಗೆ ಆಸೆ ಹುಟ್ಟಿತ್ತು. ಬೋರ್ಡು ಮೊದಲೇ ಬರೆಸಿದ್ದ. ನಾಯಿ ಮಾತ್ರ ಬಾಕಿ.

“ಅತ್ತಿಗೆ, ಆ ಕರೀದು ನಂಗಿರ್ಲಿ. ಏನು ಗತ್ತು ನೋಡಿ!”

“ಗತ್ತು ಅದ್ರದ್ದು, ನಿಂದಲ್ಲ,” ಎಂದಳು ಗುರುಶಾಂತಮ್ಮ. “ಬೇಕಿದ್ರೆ ಕಂದು ತಗೊಂಡ್ಹೋಗು. ನಮ್ಮ ತಮ್ಮಂಗೆ ಇನ್ನೊಂದು ಸಲ ಕೊಡ್ತೀನಿ. ಕರೀದಕ್ಕೆ ಯಜಮಾನ ಬೇಕು. ನಿಮ್ಮನೇಲಿ ಯಜಮಾನ್ರು ಯಾರು ಅಂತ ನಂಗೂ ಗೊತ್ತು, ನಿನ್ನ ಹೆಂಡ್ತಿಗೂ ಗೊತ್ತು.”

ಮಲ್ಲಿಕಾರ್ಜುನಪ್ಪ ದೊಡ್ಡದಾಗಿ ನಕ್ಕ. ಅಂಥವರಿಗೆ ಬೈಗುಳ ಕೂಡ ಹೊಗಳಿಕೆಯಂತೆಯೇ ಕೇಳಿಸುತ್ತದೆ. “ಒಂದು ನಾಯೀನ ಹತೋಟೀಲಿ ಇಡಕ್ಕಾಗದಷ್ಟು ಕೆಟ್ಟೋದ್ನಾ ಅತ್ತಿಗೆ? ನಮ್ಮ ಮಂಡೀಲಿ ಹೊನ್ನಯ್ಯ ಅಂತವ್ನೆ. ಸರ್ಕಸ್ ಕಂಪನೀಲಿ ಇದ್ದೋನು. ಹುಲೀನೇ ಕೂರ್ಸವ್ನೆ.”

“ಹುಲಿ ಕೂರ್ಸಿದೋನು ಕೊಬ್ಬರಿ ಮೂಟೆ ಯಾಕಪ್ಪ ಹೊರ್ತಾನೆ?”

ಅಷ್ಟರಲ್ಲಿ ಬಸವರಾಜಪ್ಪ, ಯಾವತ್ತೂ ಮಧ್ಯೆ ಬಾಯಿ ಹಾಕದವನು, “ಕೊಟ್ಬಿಡೇ, ನಮ್ಮೋನು. ಅಷ್ಟು ದೂರದಿಂದ ಬಂದವ್ನೆ,” ಎಂದ. ನೆಂಟನ ಮುಂದೆ ಗಂಡನ ಮಾತು ತೆಗೆದುಹಾಕುವುದು ಗುರುಶಾಂತಮ್ಮನಿಗೂ ಸರಿಕಾಣಲಿಲ್ಲ. ಮರಿಯನ್ನು ಎತ್ತಿ ಅವನ ತೋಳಿಗೆ ಹಾಕಿದಳು. “ಹೊಡೀಬೇಡ. ಊಟ ಇಡೋಕೆ ಮುಂಚೆ ಕೂರ್ಸು. ಬಾಗ್ಲಲ್ಲಿ ಮೊದ್ಲು ನೀನು ದಾಟು. ದಿನಾ ಒಂದು ಮೈಲಿ ನಡ್ಸು,” ಎಂದಳು. ಮರಿ ಪಂಚೆಯ ಮೇಲೆ ಉಚ್ಚೆ ಹೊಯ್ಯಿತು. ಮಲ್ಲಿಕಾರ್ಜುನಪ್ಪ ಅಯ್ಯಯ್ಯೋ ಎನ್ನುತ್ತಾ ಪಂಚೆ ಒದರಿಕೊಳ್ಳುತ್ತಿದ್ದುದರಿಂದ ಅವಳ ಮಾತು ಅವನ ಕಿವಿಗೆ ಬಿತ್ತೋ ಇಲ್ಲವೋ.

ಕಂದು ಮರಿ ತರೀಕೆರೆಗೆ ಹೋಯಿತು. ಉಳಿದದ್ದು ಬೂದು ಮರಿ. ಯಾರಿಗೂ ಬೇಡವಾಗಿತ್ತು. ಕೆರೆ ಏರಿಯ ಮೇಲೆ ಬಿಟ್ಟು ಬನ್ನಿ ಎಂದು ಗುರುಶಾಂತಮ್ಮ ಗಂಡನಿಗೆ ಹೇಳಿದಳು. ಅವನು ಹೂಂ ಎಂದ, ಮರೆತ. ಮತ್ತೆ ಹೇಳಿದಳು, ಮತ್ತೆ ಮರೆತ. ಅಷ್ಟರಲ್ಲಿ ಒಂದು ದಿನ ಹಿತ್ತಲಿಗೆ ಹೋದರೆ, ಸೊಸೆ ಒರಳಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ನಡುನಡುವೆ ಮುದ್ದೆಯ ಚೂರೊಂದನ್ನು ತಿರುಗಿ ನೋಡದೆ ಹಿಂದಕ್ಕೆ ಹಾಕುತ್ತಾಳೆ.

“ಏನೇ ಇದು, ನಾಯಿಗೆ ಬೆನ್ನು ತೋರ್ಸಿ ಪೂಜೆ?”

“ಮುಖ ನೋಡಿದ್ರೆ ಹೆದರುತ್ತೆ ಅತ್ತೆ,” ಎಂದಳು ಸಾವಿತ್ರಿ ಸಣ್ಣ ದನಿಯಲ್ಲಿ.

“ಹಂಗಾದ್ರೆ ಕಳ್ಳ ಬಂದಾಗ ಅವ್ನಿಗೂ ಹೇಳು, ಬೆನ್ನು ತಿರುಗ್ಸಿ ಬಾ, ನಮ್ಮ ನಾಯಿ ಹೆದರುತ್ತೆ ಅಂತ.” ಇಂಥ ಮಾತು ದಿನಕ್ಕೊಂದು ಹೊಳೆಯುತ್ತಿತ್ತು, ಹೊಳೆದದ್ದನ್ನೆಲ್ಲ ಅವಳು ಆಡಿದಳು. ಸಾವಿತ್ರಿ ಕೂರುವುದನ್ನು ಬಿಡಲಿಲ್ಲ. ಮೊದಲು ಚೂರು ದೂರ ಬೀಳುತ್ತಿತ್ತು, ಬರಬರುತ್ತಾ ಹತ್ತಿರ. ಮುಂಗಾರು ಬೀಳುವ ಹೊತ್ತಿಗೆ ಮರಿ ಅವಳ ಸೀರೆಯಂಚಿನ ಮೇಲೆ ಗಲ್ಲವಿಟ್ಟು ಮಲಗುತ್ತಿತ್ತು. ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟಳು. ಹೆದರುವ ಸ್ವಭಾವವೇನೂ ಹೋಗಲಿಲ್ಲ. ಹೊಸ ಸದ್ದು, ಹೊಸ ವಾಸನೆ, ಅಂಗಳದಲ್ಲಿ ಜಾಗ ಬದಲಾದ ಒಂದು ಕೊಡಪಾನ, ಎಲ್ಲಕ್ಕೂ ಗುಬ್ಬಿ ಬೊಗಳುತ್ತಿತ್ತು. ಅದೇ ಒಂದು ಮಧ್ಯಾಹ್ನ ಕೆಲಸಕ್ಕೆ ಬಂತು. ಮನೆಯವರೆಲ್ಲ ನೆಂಟರ ಮದುವೆಗೆ ಹೋಗಿ ಸಾವಿತ್ರಿ ಒಬ್ಬಳೇ ಇದ್ದಾಗ, ಗುಬ್ಬಿ ಕೊಟ್ಟಿಗೆಯ ಸೂರಿನ ಕಡೆ ಮುಖಮಾಡಿ ಹಟ ಹಿಡಿದು ಬೊಗಳಿತು. ನೋಡಿದರೆ ಕರು ಕಟ್ಟಿದ್ದ ಗೂಟದ ಮೇಲುಗಡೆ ನಾಗರಹಾವು. ಸಾವಿತ್ರಿ ಕರು ಬಿಚ್ಚಿಕೊಂಡು ಹೊರಗೆ ಬಂದಳು. ವಿಷಯ ತಿಳಿದ ಗುರುಶಾಂತಮ್ಮ, “ಹಾವಿಗೂ ಹಂಗೇ ಬೊಗಳುತ್ತೆ, ಚೊಂಬಿಗೂ ಹಂಗೇ ಬೊಗಳುತ್ತೆ, ಅದೇನು ಜಾಣತನ?” ಎಂದಳು. ಆದರೆ ಕೆರೆ ಏರಿಯ ಮಾತು ಆಮೇಲೆ ಎತ್ತಲಿಲ್ಲ.

ಮರುವರ್ಷ ಯಾವುದೋ ಕೆಲಸದ ಮೇಲೆ ಕಡೂರಿಗೆ ಹೋದವಳು ಮಲ್ಲಿಕಾರ್ಜುನಪ್ಪನ ಮಂಡಿಗೂ ಹೋದಳು. ಕರಿಯ ನಾಯಿಗೆ ರಾಜ ಎಂದು ಹೆಸರಿಟ್ಟಿದ್ದರು. ರಾಜ ಇದ್ದದ್ದು ಕೊಬ್ಬರಿ ಕೋಣೆಯ ಮೂಲೆಯಲ್ಲಿ, ಕಿಟಕಿಗೆ ಗೋಣಿ ಬಡಿದ ಕತ್ತಲಲ್ಲಿ, ಗಿಡ್ಡ ಸರಪಳಿಯಲ್ಲಿ. ಹೊನ್ನಯ್ಯ ಕೋಲಿಗೆ ಹಳೆಯ ಬಟ್ಟೆ ಸುತ್ತಿ ಅದರ ಮೂತಿಗೆ ತಿವಿಯುತ್ತಿದ್ದ.

“ಕತ್ಲೇಲಿ ಕಟ್ಟಿ ಕೆಣಕಿದ್ರೆ ರೋಷ ಬರುತ್ತೆ ಅಮ್ಮಾ. ಮುದ್ದೆಗೆ ಮೆಣಸಿನಪುಡಿಯೂ ಹಾಕ್ತೀವಿ.”

“ನಿನ್ನ ಕತ್ಲೇಲಿ ಕಟ್ಟಿ ತಿವಿದ್ರೆ ನಿಂಗೇನು ಬರುತ್ತೆ, ಸರ್ಕಸ್ ಸ್ವಾಮಿ?” ಎಂದಳು ಗುರುಶಾಂತಮ್ಮ. ಮಲ್ಲಿಕಾರ್ಜುನಪ್ಪ ಗಾದಿಯ ಮೇಲಿಂದಲೇ, “ಈಗ ಯಾರೂ ಹತ್ರ ಸುಳಿಯಲ್ಲ ಅತ್ತಿಗೆ, ಹುಲಿ ಆಗೈತೆ,” ಎಂದು ಹೆಮ್ಮೆಪಟ್ಟ. ಮುಂದೆ ತಂದಿಟ್ಟಿದ್ದ ಕಾಫಿ ಮುಟ್ಟದೆ ಅವಳು ಎದ್ದಳು. ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಆ ಇಬ್ಬರಿಗೆ ಅಡ್ಡಹೆಸರು ಹುಡುಕಿದಳು. ಯಾವುದೂ ಸಾಲದೆನಿಸಿತು.

ಎಪ್ಪತ್ತೊಂಬತ್ತರಲ್ಲಿ ಮಂಡಿಯ ಲಾರಿ ತೋಟದ ಮುಂದೆ ಬಂದು ನಿಂತಿತು. ಹಿಂದುಗಡೆ ರಾಜ, ಮೂತಿಗೆ ತೆಂಗಿನ ನಾರಿನ ಹಗ್ಗ. ಮುಂದುಗಡೆ ಮಲ್ಲಿಕಾರ್ಜುನಪ್ಪ, ಮೊಣಕೈಯವರೆಗೆ ಬ್ಯಾಂಡೇಜು. ನಾಯಿ ಊಟ ಮಾಡುವಾಗ ಗಿರಾಕಿಯೊಬ್ಬನಿಗೆ ಧೈರ್ಯ ತೋರಿಸಲು ಹೋಗಿ ತಟ್ಟೆ ಎಳೆದಿದ್ದ. ಹೊಕ್ಕಳ ಸುತ್ತ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದವನಿಗೆ ಈಗ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಹೊನ್ನಯ್ಯ ಆ ದಿನವೇ ಓಡಿಹೋಗಿದ್ದ.

“ಕೆಟ್ಟ ತಳಿ ಅತ್ತಿಗೆ ಇದು. ಸಾಯಿಸೋದೇ ಅಂತಿದ್ದೆ, ನೀವು ಕೊಟ್ಟಿದ್ದು ಅಂತ ತಂದೆ.”

“ತಳಿ ಕೆಟ್ಟಿರೋದು ಹೌದು. ನಿಂದು,” ಎಂದಳು ಅವಳು. “ಮಾತಾಡೋಕೆ ಬಾರದ ಮರೀನ ಒಯ್ದು ಎರಡು ವರ್ಷ ಕತ್ಲೇಲಿಟ್ಟು, ಅದು ಬಾಯಿ ತೆರೆದ ಕೂಡ್ಲೇ ಅಳ್ತಾ ಬಂದ್ಯಲ್ಲೋ. ನಾಯಿ ನಿನ್ನ ಕಚ್ಚಿದ್ದಕ್ಕಲ್ಲ ನಂಗೆ ಬೇಜಾರು, ಇಷ್ಟು ತಡವಾಗಿ ಕಚ್ತಲ್ಲ ಅಂತ. ಇಳ್ಸು, ನಡಿ.”

ಅವನು ಇಳಿಸಿ ನಡೆದ.

ಇಂಥದ್ದನ್ನು ಸರಿಮಾಡುವುದು ತನಗೆ ಬಿಟ್ಟರೆ ಇನ್ಯಾರಿಗೂ ಬಾರದು ಎಂಬ ನೆಚ್ಚಿಕೆಯಲ್ಲಿ ಗುರುಶಾಂತಮ್ಮ ಸೆರಗು ಬಿಗಿದಳು. ಅಂದು ತಟ್ಟೆಯ ಮೇಲೆ ಕಾಲಿಟ್ಟ ಮರಿಯೇ ಇದು, ಅಮಲ್ದಾರ. ಅಮಲ್ದಾರನಿಗೆ ಬೇಕಾದ ಶಿಸ್ತು ಅವಳಿಗೆ ಗೊತ್ತಿತ್ತು. ಊಟಕ್ಕೆ ಮುಂಚೆ ಕೂರಬೇಕು, ಬಾಗಿಲಲ್ಲಿ ಕಾಯಬೇಕು, ಹಗ್ಗ ಜಗ್ಗಬಾರದು. ಕೈ ಮಾಡಲಿಲ್ಲ, ಮಣಿಯಲೂ ಇಲ್ಲ. ರಾಜ ಕಲಿಯಿತು. ಅವಳ ಒಂದು ಮಾತಿಗೆ ಕೂರುತ್ತಿತ್ತು. ‘ನೋಡ್ರೋ’ ಎಂದು ತೋಟದ ಆಳುಗಳನ್ನೆಲ್ಲ ಕರೆದು ತೋರಿಸಿದಳು.

ಸುಗ್ಗಿ ಮುಗಿದ ಒಂದು ಸಂಜೆ ಬಸವರಾಜಪ್ಪ ಮಠಕ್ಕೆ ಹೋಗಿ ಬಿಳಿ ಪಂಚೆಯಲ್ಲೇ ಮನೆಗೆ ಬಂದ. ಅಂಗಳದಲ್ಲಿ ಬಿದ್ದಿದ್ದ ಕೋಲೊಂದನ್ನು ಗೋಡೆಗೆ ಒರಗಿಸೋಣವೆಂದು ಬಗ್ಗಿ ಎತ್ತಿದ. ರಾಜ ಗುರುಶಾಂತಮ್ಮನ ಕೈಯ ಹಗ್ಗ ಕಿತ್ತುಕೊಂಡು ಹಾರಿತು. ಅವಳ ‘ಕೂರು’ ಎಂಬ ಕೂಗು ಯಾವ ಕೆಲಸಕ್ಕೂ ಬರಲಿಲ್ಲ. ತೊಡೆಗೆ ಹಲ್ಲು ಇಳಿಯಿತು. ಜನ್ಮದಲ್ಲಿ ಯಾರ ಮೇಲೂ ಕೈಯೆತ್ತದ ಮನುಷ್ಯ ರಕ್ತ ಸುರಿಯುತ್ತಿದ್ದರೂ, “ಅದನ್ನ ಹೊಡೀಬೇಡಿ, ನಾನೇ ಕೋಲು ಮುಟ್ಟಿದ್ದು,” ಎಂದ.

ಅವನನ್ನು ಅಜ್ಜಂಪುರದ ಆಸ್ಪತ್ರೆಗೆ ತೋರಿಸಿ ಕರೆತಂದ ಮೇಲೆ ಗುರುಶಾಂತಮ್ಮ ಜಗಲಿಯ ಮೇಲೆ ಕೂತಳು. ಬಾಯಿಗೆ ಬೈಗುಳವೇ ಬರಲಿಲ್ಲ. ಯಾರನ್ನು ಬೈಯುವುದು? ಮಲ್ಲಿಕಾರ್ಜುನಪ್ಪನನ್ನು ಬೈದು ಮುಗಿದಿತ್ತು. ಕಂಬಕ್ಕೆ ಕಟ್ಟಿದ್ದ ರಾಜ ಕಿವಿ ತಲೆಗೆ ಅಂಟಿಸಿಕೊಂಡು ನಿಂತಿತ್ತು.

ಸಾವಿತ್ರಿ ಪಕ್ಕದಲ್ಲಿ ಬಂದು ನಿಂತಳು. “ಅತ್ತೆ, ಅದು ನಡುಗ್ತಾ ಐತೆ.”

“ಕಚ್ಚಿದ ಕೊಬ್ಬು ಅದು.”

“ಅಲ್ಲ ಅತ್ತೆ. ಹಾರೋಕೆ ಮುಂಚೆನೂ ನಡುಗ್ತು, ನಾನು ನೋಡ್ದೆ. ಗುಬ್ಬಿ ಒರಳಿನ ಹಿಂದೆ ಹಿಂಗೇ ನಡುಗ್ತಿತ್ತು. ನೀವು ಇನ್ನೂ ಅದನ್ನ ಧೈರ್ಯದ ಮರಿ ಅನ್ಕೊಂಡೇ ಕಲಿಸ್ತಾ ಇದ್ದೀರ.”

“ನಂಗೆ ನಾಯಿ ಕಲ್ಸೋಕೆ ಬಂದ್ಯೇನೇ ನೀನು?” ಎಂದಳು ಗುರುಶಾಂತಮ್ಮ. ಸಾವಿತ್ರಿ ಒಳಗೆ ಹೋದಳು.

ಗುರುಶಾಂತಮ್ಮ ನಾಯಿಯನ್ನೇ ನೋಡುತ್ತಾ ಕೂತಳು. ಬಾಲ ಹೊಟ್ಟೆಗೆ ಅಂಟಿತ್ತು. ಹಿಂಗಾಲುಗಳು ಸಣ್ಣಗೆ ಅದುರುತ್ತಿದ್ದವು. ಇಷ್ಟು ದಿನ ಅವಳು ನೋಡುತ್ತಿದ್ದದ್ದು ಈ ನಾಯಿಯನ್ನಲ್ಲ, ತಟ್ಟೆಯ ಮೇಲೆ ಕಾಲಿಟ್ಟಿದ್ದ ಮರಿಯನ್ನು. ಆ ಮರಿಯನ್ನು ಕಡೂರಿನಲ್ಲಿ ಯಾವತ್ತೋ ಕೊಂದುಹಾಕಿದ್ದರು. ಇಲ್ಲಿ ನಿಂತಿದ್ದದ್ದು ಕೋಲು ಕಂಡರೆ ಜೀವ ಕೈಯಲ್ಲಿ ಹಿಡಿದುಕೊಳ್ಳುವ ಬೇರೆಯದೇ ಒಂದು ಪ್ರಾಣಿ. ಸುಟ್ಟರೆ ಗುಣವೂ ಸುಡುತ್ತದೆ ಎಂಬುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ತನ್ನ ಅಂಗಳದಲ್ಲೇ ದಿನಾ ನಡೆಯುತ್ತಿದ್ದುದನ್ನು ಸೊಸೆ ಕಂಡಿದ್ದಳು, ತಾನು ಕಂಡಿರಲಿಲ್ಲ. ಅದು ಅವಳಿಗೆ ಹುಳಿ ಮಾವು ಕಚ್ಚಿದಂತಾಯಿತು. ಉಗಿಯಲೂ ಆಗದು, ನುಂಗಲೂ ಆಗದು.

ಬೆಳಿಗ್ಗೆ ಎದ್ದವಳು ಮುದ್ದೆಯ ಬೋಗುಣಿಯನ್ನು ಸಾವಿತ್ರಿಯ ಮುಂದೆ ಕುಕ್ಕಿದಳು. “ಅದೇನು ಮಾಡ್ತೀಯೋ ಮಾಡು. ನಾನೇನು ಮಾಡ್ಬೇಕು ಅದನ್ನೂ ಹೇಳು. ಹಲ್ಲು ಕಿರೀಬೇಡ.”

ಸಾವಿತ್ರಿ ಹಲ್ಲು ಕಿರಿಯಲಿಲ್ಲ. ಒಂದು ಕೋಲನ್ನು ನೆಲದ ಮೇಲೆ ದೂರದಲ್ಲಿ ಮಲಗಿಸಿ ಅದರ ಪಕ್ಕ ಬೆಲ್ಲ ಸವರಿದ ಮುದ್ದೆಯ ಚೂರಿಟ್ಟಳು. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. ಕೋಲು ಕಂಡರೆ ಬೆಲ್ಲ ಎಂದಾಗುವವರೆಗೆ ಯಾರೂ ಅದನ್ನು ಎತ್ತಲಿಲ್ಲ. ಗುರುಶಾಂತಮ್ಮ ನೋಯುವ ಮಂಡಿ ಮಡಿಸಿ ನಾಯಿಗೆ ಬೆನ್ನು ಮಾಡಿ ಕೂರಬೇಕಾಯಿತು. ಬೇಲಿಯಾಚೆ ಹೋಗುತ್ತಿದ್ದ ಹೆಂಗಸರು ನಕ್ಕರೆ, “ಏನ್ರೇ, ನಿಮ್ಮ ಗಂಡಂದಿರು ಮುಖ ತೋರ್ಸೋ ಹಂಗವ್ರಾ?” ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಗಾಯ ಮಾಗಿದ ಮೇಲೆ ಬಸವರಾಜಪ್ಪ ಬಿಳಿ ಪಂಚೆ ಉಟ್ಟು ಮರದ ಕೆಳಗೆ ಸುಮ್ಮನೆ ಕೂರುವ ಕೆಲಸ ವಹಿಸಿಕೊಂಡ. ಆ ಕೆಲಸವನ್ನು ಅವನಷ್ಟು ಚೆನ್ನಾಗಿ ಯಾರೂ ಮಾಡುತ್ತಿರಲಿಲ್ಲ.

ರಾಜ ಪೂರ್ತಿ ಸರಿಹೋಗಲಿಲ್ಲ. ಹೊಸಬರು ಬಂದರೆ ಕಟ್ಟಲೇಬೇಕಿತ್ತು. ಆದರೆ ಒಂದು ವರ್ಷದ ಕೊನೆಗೆ ಬಸವರಾಜಪ್ಪ ಕೋಲು ಹಿಡಿದು ತೋಟಕ್ಕೆ ಹೊರಟರೆ ಪಕ್ಕದಲ್ಲಿ ನಡೆಯುತ್ತಿತ್ತು. ನಡುಕ ಬಂದಾಗ ಗುಬ್ಬಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಎಂಬತ್ತೈದರಲ್ಲಿ, ವಯಸ್ಸಾಗಿ, ಮನೆಯ ಹಿಂದೆಯೇ ಸತ್ತಿತು.

ಅದಕ್ಕೆ ಒಂದು ವರ್ಷ ಮುಂಚೆ ಮಲ್ಲಿಕಾರ್ಜುನಪ್ಪ ಮತ್ತೆ ಬಂದಿದ್ದ. ಗುಬ್ಬಿ ಮರಿ ಹಾಕಿದ ಸುದ್ದಿ ಕಡೂರಿಗೆ ಮುಟ್ಟಿತ್ತು. ಈ ಹೊತ್ತಿಗೆ ಮರಿ ಬೇಕಾದವರು ಕೇಳುತ್ತಿದ್ದದ್ದು ಸಾವಿತ್ರಮ್ಮನನ್ನು. ಅವಳು ಒಮ್ಮೆ ನೋಡಿ ಹೇಳುತ್ತಿರಲಿಲ್ಲ. ವಾರಕ್ಕೊಮ್ಮೆ ನೋಡಿ, ಕೊಟ್ಟ ಮೇಲೂ ಹೋಗಿ ನೋಡಿ ಬರುತ್ತಿದ್ದಳು. ಗುರುಶಾಂತಮ್ಮನ ಪಾಲಿಗೆ ಉಳಿದದ್ದು ಜಗಲಿಯ ಮೇಲೆ ಕೂತು, ಬಂದವರನ್ನು ಮೇಲಿಂದ ಕೆಳಗೆ ಅಳೆಯುವ ಕೆಲಸ. ಅದರಲ್ಲಿ ಅವಳಿಗೆ ಏನೂ ಕಡಿಮೆಯಾಗಿರಲಿಲ್ಲ.

“ಒಂದು ಮರಿ ಕೊಡಮ್ಮ,” ಎಂದ ಮಲ್ಲಿಕಾರ್ಜುನಪ್ಪ ಸಾವಿತ್ರಿಗೆ. ಗುರುಶಾಂತಮ್ಮ ಬಾಯಿ ತೆರೆದಳು. ಆದರೆ ಅದಕ್ಕೆ ಮುಂಚೆಯೇ ಸಾವಿತ್ರಿ, “ಇಲ್ಲ ಮಾವ, ನಿಮ್ಮ ಮನೆಗೆ ಕೊಡಲ್ಲ,” ಎಂದಳು. ದನಿ ಏರಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಅವನು ನಗಲು ನೋಡಿದ, ನಗು ಬರಲಿಲ್ಲ. ಸಾವಿತ್ರಿ ಒಳಗೆ ಹೋಗಿ ಕಾಫಿ ತಂದುಕೊಟ್ಟಳು. ಅವನು ತಲೆ ತಗ್ಗಿಸಿಕೊಂಡು ಕುಡಿದು ಬಸ್ಸಿಗೆ ಹೊರಟ.

“ಕಾಫಿ ಬೇರೆ ಯಾಕೆ ಕೊಟ್ಟೆ ಆ ಬೆತ್ತಕ್ಕೆ?” ಎಂದಳು ಗುರುಶಾಂತಮ್ಮ.

“ಮನೆಗೆ ಬಂದೋರಲ್ವಾ ಅತ್ತೆ.”

ಗುರುಶಾಂತಮ್ಮ ಅವನು ಕುಡಿದಿಟ್ಟ ಲೋಟವನ್ನು ತಾನೇ ಎತ್ತಿಕೊಂಡು ಬಚ್ಚಲಿಗೆ ಹೋದಳು. ಹುಣಸೆಹಣ್ಣು ಹಾಕಿ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.